ಗಾಡಿಮನೆಗೆ ಎಳೆದ ತಂತಿ

ಲೈನ್‌ಮನ್ ಬೆಳ್ಳಪ್ಪ ತಂತಿಯ ಸುರುಳಿಯನ್ನು ಜಗಲಿಯ ಮೇಲೆ ಇಳಿಸಿದಾಗ ನಮ್ಮ ಅತ್ತೆ ಎರಡು ಮಾರು ದೂರದಲ್ಲಿ ನಿಂತು ಕೇಳಿದರು: "ಇದರ ಮೇಲೆ ಹೊದಿಸಿದ್ದು ಎಂತದು? ಹತ್ತಿಯಾ, ರೇಷ್ಮೆಯಾ?"

ಬೆಳ್ಳಪ್ಪ ಹೊಸನಗರದ ಸುತ್ತ ಹದಿನೈದು ವರ್ಷ ಕಂಬ ಹತ್ತಿದವನು. ಇಂಥ ಪ್ರಶ್ನೆ ಅವನಿಗೆ ಎಲ್ಲೂ ಎದುರಾಗಿರಲಿಲ್ಲ. ತಂತಿಯನ್ನು ಉಗುರಿನಿಂದ ಕೆರೆದು ನೋಡಿ, "ಎರಡೂ ಅಲ್ಲ ಅಮ್ಮಾ, ಪ್ಲಾಸ್ಟಿಕ್ಕು" ಅಂದ.

ಅತ್ತೆ ಮಗನ ಮುಖ ನೋಡಿದರು. ಮಗ, ಅಂದರೆ ನನ್ನ ಗಂಡ ನಾರಾಯಣಮೂರ್ತಿ, ನನ್ನ ಮುಖ ನೋಡಿದರು. ಸಾಗರದ ಕಾಲೇಜಿನಲ್ಲಿ ಬಿ.ಎ. ಓದಿದ್ದೇನೆ ಎಂಬ ಒಂದೇ ಕಾರಣಕ್ಕೆ, ಯಾರಿಗೂ ತಿಳಿಯದ ಸಂಗತಿಗಳೆಲ್ಲ ಆ ಮನೆಯಲ್ಲಿ ಕೊನೆಗೆ ನನ್ನ ಮುಂದೆ ಬಂದು ನಿಲ್ಲುತ್ತಿದ್ದವು. ನೂಲಿನ ಬಟ್ಟೆಗೆ ಮುಟ್ಟಿದ ಕೂಡಲೇ ಮೈಲಿಗೆ ತಗಲುತ್ತದೆ, ರೇಷ್ಮೆಗೆ, ಕಂಬಳಿಗೆ ತಗಲುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಪ್ಲಾಸ್ಟಿಕ್ಕಿನ ವಿಷಯ ಯಾರೂ ಹೇಳಿಕೊಟ್ಟಿರಲಿಲ್ಲ.

"ಅದಕ್ಕೆ ಎಂತೂ ತಾಗ್ತಿಲ್ಲೆ ಅಮ್ಮ," ಅಂದರು ಇವರು.

"ಹೇಳಿದವು ಯಾರು?"

ಇವರು ಬೆಳ್ಳಪ್ಪನಿಗೆ ಏಣಿ ಹಿಡಿಯಲು ಎದ್ದುಹೋದರು.

ಅಂಗಳದ ಆಚೆ ನಮ್ಮ ಗಾಡಿಮನೆ ಇತ್ತು. ಎತ್ತಿನ ಗಾಡಿ ಮಾರಿದ ಮೇಲೆ ಅದಕ್ಕೊಂದು ಬಾಗಿಲು, ಕಿಟಕಿ ಕೂಡಿಸಿ ಕೋಣೆ ಮಾಡಿದ್ದರು. ತಿಂಗಳಲ್ಲಿ ಮೂರು ದಿನ ನಾನು ಅಲ್ಲಿ ಇರಬೇಕಿತ್ತು. ಆ ಮೂರು ದಿನ ಮನೆಯೊಳಗೆ ಕಾಲಿಡುವಂತಿಲ್ಲ, ಮನೆಯ ವಸ್ತು ಮುಟ್ಟುವಂತಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮಿಂದು ಒಳಗೆ ಬರಬೇಕು. ಟೆಲಿಫೋನು ಮಾತ್ರ ಜಗಲಿಯಲ್ಲಿತ್ತು. ಅದನ್ನು ಗಾಡಿಮನೆಯವರೆಗೆ ಎಳೆಸುವ ಯೋಚನೆ ಇವರಿಗೆ ಬಂದದ್ದು ಹಿಂದಿನ ವರ್ಷದ ಒಂದು ಕರೆಯಿಂದ.

ಆಗ ನನ್ನ ಅಪ್ಪಯ್ಯ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಮರುದಿನ ಹೊಟ್ಟೆಯ ಆಪರೇಷನ್ನು. ನನ್ನ ಹೆಸರಿಗೇ ಟ್ರಂಕ್ ಕಾಲ್ ಹಾಕಿಸಿದ್ದರು. ನಾನು ಗಾಡಿಮನೆಯ ಹೊಸ್ತಿಲಲ್ಲಿದ್ದೆ. ಅತ್ತೆ ಜಗಲಿಯಲ್ಲಿ ರಿಸೀವರ್ ಹಿಡಿದು, ಅಪ್ಪಯ್ಯ ಹೇಳಿದ್ದನ್ನು ನನಗೆ ಕೂಗಿ ಹೇಳುತ್ತ, ನಾನು ಕೂಗಿದ್ದನ್ನು ಅಪ್ಪಯ್ಯನಿಗೆ ಹೇಳುತ್ತ ನಿಂತರು.

"ಹೆದರಡ ಹೇಳ್ತಾ ಇದ್ದ ನಿನ್ನ ಅಪ್ಪಯ್ಯ."

"ಹೆದರಿಕೆ ಇಲ್ಲೆ, ಆನು ನಾಲ್ಕನೇ ದಿನ ಅಲ್ಲಿಗೆ ಬತ್ತೆ ಹೇಳಿ ಹೇಳು ಅತ್ತೆ."

ಅತ್ತೆ ಫೋನಿಗೆ, "ಬತ್ತಡ," ಅಂದರು. ಬರುತ್ತಾಳಂತೆ, ಅಷ್ಟೇ. ಯಾವಾಗ, ಎಲ್ಲಿಗೆ, ಹೆದರಿಕೆ ಇದೆಯೋ ಇಲ್ಲವೋ, ಒಂದೂ ಇಲ್ಲ. ಮೂರು ನಿಮಿಷ ಮುಗಿಯಿತು. ಅಪ್ಪಯ್ಯ ಬದುಕಿದರು. ಆದರೆ ಅವರು ಆ ದಿನ ನಿಜವಾಗಿ ಏನು ಹೇಳಿದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಅವರಿಗೂ ನೆನಪಿಲ್ಲ. ಇವರು ಆ ಕೂಗಾಟವನ್ನು ಬಾವಿಕಟ್ಟೆಯ ಮೇಲೆ ಕೂತು ಕೇಳಿದ್ದರು. ಯಾರಿಗೂ ಹೇಳದೆ ಮರುವಾರ ಹೊಸನಗರಕ್ಕೆ ಹೋಗಿ ಎಕ್ಸ್‌ಟೆನ್ಷನ್ನಿಗೆ ಅರ್ಜಿ ಕೊಟ್ಟು ಬಂದರು. ಕಾರಣ ಎಂಬಲ್ಲಿ 'ವ್ಯವಹಾರದ ಅನುಕೂಲಕ್ಕಾಗಿ' ಎಂದು ಬರೆದಿದ್ದರು. ಮಂಜೂರಾಗಿ ಬಂದದ್ದು ಎಂಬತ್ನಾಲ್ಕರ ಏಪ್ರಿಲ್‌ನಲ್ಲಿ.

ಬೆಳ್ಳಪ್ಪ ಜಗಲಿಯ ಸೂರಿನಿಂದ ಗಾಡಿಮನೆಯ ಮಾಡಿಗೆ ತಂತಿ ಎಳೆದ. ಅದರ ಸರಿ ಕೆಳಗೆ, ಆಳೆತ್ತರದಲ್ಲಿ, ಬಟ್ಟೆ ಒಣಗಿಸುವ ಹಗ್ಗವಿತ್ತು. ಗಾಡಿಮನೆಯ ಗೂಡಿನಲ್ಲಿ ಇನ್ನೊಂದು ಕಪ್ಪು ಫೋನು ಕೂತಿತು.

"ಇಲ್ಲಿ ಕೇಳಿ ಅಮ್ಮಾ," ಅಂದ ಬೆಳ್ಳಪ್ಪ. "ಗಂಟೆ ಎರಡೂ ಕಡೆ ಹೊಡೀತದೆ. ಯಾರು ಬೇಕಾದ್ರೂ ಎತ್ತಬಹುದು. ಒಬ್ರು ಮಾತಾಡುವಾಗ ಇನ್ನೊಬ್ರು ಎತ್ತಿದ್ರೆ ಅವ್ರಿಗೂ ಎಲ್ಲ ಕೇಳ್ತದೆ."

"ಅದು ಅಲ್ಲಿ ಹಿಡ್ಕಂಡಾಗ ನಾನು ಇಲ್ಲಿ ಹಿಡ್ಕಂಡ್ರೆ?" ಅತ್ತೆ ನನ್ನ ಕಡೆ ಕೈ ತೋರಿಸಿ ಕೇಳಿದರು.

"ಏನೂ ಆಗಲ್ಲ. ಶಾಕ್ ಹೊಡೆಯಲ್ಲ."

"ಶಾಕಿನ ವಿಷಯ ಅಲ್ಲ ಮಾರಾಯ," ಅಂದರು ಅತ್ತೆ. ಬೆಳ್ಳಪ್ಪ ಮತ್ತೆ ಉಗುರಿನಿಂದ ತಂತಿ ಕೆರೆದ.

ಆ ಸಂಜೆ ಅತ್ತೆ ತಾವೇ ಒಂದು ತೀರ್ಮಾನಕ್ಕೆ ಬಂದರು. ತಂತಿ ಸುಮ್ಮನಿದ್ದಾಗ ತೊಂದರೆ ಇಲ್ಲ. ಆದರೆ ನಾನು ಗಾಡಿಮನೆಯಲ್ಲಿ ರಿಸೀವರ್ ಹಿಡಿದಿರುವಾಗಲೇ ಇಲ್ಲಿ ಯಾರಾದರೂ ಹಿಡಿದರೆ, ಅದು ಕೈ ಹಿಡಿದ ಹಾಗೆಯೇ. ಹಿಡಿದವರು ಉಟ್ಟ ಸೀರೆಯ ಸಮೇತ ಮೀಯಬೇಕು. ಇವರು ನಗಲು ಹೋಗಿ ಕೆಮ್ಮಿದರು. ನನಗೆ ಇದು ಸಮಾಧಾನವನ್ನೇ ತಂದಿತು. ಬೇಸಿಗೆಯಲ್ಲಿ ಬಾವಿಯ ನೀರು ತಳ ಸೇರಿತ್ತು. ಹದಿನೆಂಟು ಮಾರು ಹಗ್ಗ ಸೇದಿ ಮೀಯುವ ಕಷ್ಟಕ್ಕೆ ಅತ್ತೆ ನನ್ನ ಮಾತು ಕದ್ದು ಕೇಳಲಾರರು ಎಂದುಕೊಂಡೆ.

ಹೀಗೆ ಅಂದುಕೊಳ್ಳುವ ಅಗತ್ಯ ನನಗಿತ್ತು. ಅತ್ತೆಯ ಅಣ್ಣ, ಸಾಗರದ ಸುಬ್ರಾಯ ಮಾವ, ತಮ್ಮ ಮಗ ಹೇರಂಬನಿಗೆ ನನ್ನ ತಂಗಿ ವರದಾಳನ್ನು ಕೇಳಿದ್ದರು. ವರದಾ ತೀರ್ಥಹಳ್ಳಿಯಲ್ಲಿ ಮಿಡ್ಲ್ ಸ್ಕೂಲು ಟೀಚರ್. ಅವಳಿಗೆ ಮನಸ್ಸಿಲ್ಲ ಎಂದು ನನಗೆ ಮಾತ್ರ ಕಾಗದ ಬರೆದಿದ್ದಳು. ಅಪ್ಪಯ್ಯ ಒಳ್ಳೆಯವರು, ಆದರೆ ಎದುರಿಗೆ ಕೂತು ಕೇಳಿದವರಿಗೆ ಆಗುವುದಿಲ್ಲ ಎನ್ನಲಾರರು. ಸುಬ್ರಾಯ ಮಾವ ಒಮ್ಮೆ ಅವರ ಎದುರು ಹೋಗಿ ಕೂತರೆ ಮುಗಿಯಿತು, ಮುಂದಿನ ತಿಂಗಳಲ್ಲಿ ಮದುವೆ. ಹಾಗಾಗದಂತೆ ನೋಡಲು ನಾನು ಅತ್ತೆಗೆ ಒಂದು ಸುಳ್ಳು ಹೇಳಿದ್ದೆ. ಜಾತಕ ಕೂಡಿಬರುವುದಿಲ್ಲ ಎಂದು ಅಪ್ಪಯ್ಯ ಬರೆದಿದ್ದಾರೆ ಅಂದಿದ್ದೆ. ಅಪ್ಪಯ್ಯ ಬರೆದದ್ದು ಸರಿ ತಿರುಗುಮುರುಗು. ಇಪ್ಪತ್ತನಾಲ್ಕು ಗುಣ ಕೂಡಿ ಬಂದಿತ್ತು. ಆ ಕಾಗದ ಒಳಗೆ ನನ್ನ ಟ್ರಂಕಿನಲ್ಲಿ, ಕಾಲೇಜಿನ ಪುಸ್ತಕವೊಂದರ ನಡುವೆ ಇತ್ತು.

ಅತ್ತೆ "ಹಂಗಾ" ಎಂದಷ್ಟೇ ಅಂದಿದ್ದರು. ಸುಬ್ರಾಯ ಮಾವ ಶುಕ್ರವಾರ ಫೋನು ಮಾಡಿ ಕೊನೆಯ ಮಾತು ಕೇಳುವವರಿದ್ದರು.

ಬುಧವಾರ ಬೆಳಿಗ್ಗೆ ನಾನು ಗಾಡಿಮನೆ ಸೇರಿದೆ. ಮಧ್ಯಾಹ್ನ ಒಂದೂವರೆಗೆ ಗಂಟೆ ಹೊಡೆಯಿತು. ಜಗಲಿಯ ಗಂಟೆಯೂ ಕೇಳಿಸುತ್ತಿತ್ತು. ಎರಡು ಹಸುಗಳ ಕೊರಳ ಗಂಟೆಯ ಹಾಗೆ, ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ. ಎರಡನೆಯ ಸಲಕ್ಕೇ ಎತ್ತಿದೆ.

"ತೀರ್ಥಹಳ್ಳಿ ಟ್ರಂಕ್ ಕಾಲ್, ಮಹಾಲಕ್ಷ್ಮೀಗೆ," ಅಂದಿತು ಎಕ್ಸ್‌ಚೇಂಜಿನ ದನಿ.

"ಆನೇ," ಅಂದೆ. ಗಾಡಿಮನೆಯಿಂದ ನಾನು ಫೋನಿನಲ್ಲಿ ಆಡಿದ ಮೊದಲ ಮಾತು ಅದು: ನಾನೇ.

"ಅಕ್ಕಯ್ಯ, ನಿಂಗೆ ಗೊತ್ತಿದ್ದಾ? ಹೇರಂಬ ಮೊನ್ನೆ ಶಾಲೆಗೆ ಬಂದಿದ್ದ," ಅಂದಳು ವರದಾ. "ಹೆಡ್‌ಮಾಸ್ಟರ ಕೋಣೆಲ್ಲಿ ಕುಂತ್ಕಂಡು, ಜೂನಿಂದ ವರದಾ ಟೀಚರ್ ಬತ್ತಿಲ್ಲೆ, ಬೇರೆಯವರ ನೋಡ್ಕಳಿ ಅಂದಿಕ್ಕೆ ಹೋದ. ಯನ್ನತ್ರ ಒಂದು ಮಾತು ಕೇಳಿದ್ನಿಲ್ಲೆ."

"ನೀ ಎಂತ ಹೇಳಿದೆ?"

"ಎಂಥ ಹೇಳದು. ಆನು ಏಳನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡ್ತಾ ಇದ್ದಿ. ಆಮೇಲೆ ಗೊತ್ತಾತು. ಅಂವ ಬ್ಯಾಡ ಅಕ್ಕಯ್ಯ. ಆದರೆ ಜಾತಕ ಕೂಡಿ ಬೈಂದಲೇ, ಅಪ್ಪಯ್ಯ ಬರದ್ನಲೇ."

"ಕೂಡಿ ಬೈಂದಿಲ್ಲೆ ಹೇಳಿ ಆನು ಅತ್ತೆಗೆ ಹೇಳಿದ್ದಿ. ನೀ ಸುಮ್ಮನಿರು."

"ಸುಳ್ಳು ಹೇಳಿದ್ಯ ನೀನು?" ಅವಳು ನಕ್ಕಳು. "ಕ್ಲಾಸಿಗೆ ಫಸ್ಟ್ ಬಂದವಳು."

"ಅತ್ತೆಗೆ ಬೇಜಾರಪ್ಪದು ಬ್ಯಾಡ ಹೇಳಿ. ಅತ್ತೆ ಕೆಟ್ಟೋಳಲ್ಲ. ಆದರೆ ಆ ಮನೆ ಗಂಡಸರಿಗೆ ಈವರೆಗೆ ಯಾರೂ ಇಲ್ಲೆ ಹೇಳಿ ಹೇಳಿದ್ದಿಲ್ಲೆ. ಅತ್ತೆಯೂ ಹೇಳಿದ್ದಿಲ್ಲೆ. ಹೇಳದೂ ಇಲ್ಲೆ."

ಇದನ್ನು ಹೇಳುವ ಹೊತ್ತಿಗೆ, ಅಥವಾ ಹೇಳಿ ಮುಗಿದ ಮೇಲೆ, ವರದಾಳ ದನಿ ಇದ್ದಕ್ಕಿದ್ದಂತೆ ತೆಳ್ಳಗಾಯಿತು. ಅವಳು ಟೆಲಿಫೋನ್ ಬೂತಿನಿಂದ ಎದ್ದು ರಸ್ತೆಯ ಆಚೆ ಹೋಗಿ ನಿಂತ ಹಾಗೆ. "ಕೇಳ್ತಾ?" ಅಂದೆ. "ಕೇಳ್ತು," ಅಂದಳು ದೂರದಿಂದ. ಮೂರು ನಿಮಿಷ ಆಯಿತು ಎಂದಿತು ಎಕ್ಸ್‌ಚೇಂಜು.

ಮೂರು ಗಂಟೆಗೆ ಬಾಗಿಲಿಗೆ ಬಂದು ನೋಡಿದರೆ, ಹಗ್ಗದ ಮೇಲೆ ಅತ್ತೆಯ ಹಸಿರು ಸೀರೆ ಒದ್ದೆಯಾಗಿ ನೇತಾಡುತ್ತಿತ್ತು. ಬೆಳಿಗ್ಗೆ ಮಿಂದು ಉಟ್ಟದ್ದು ಅದೇ ಸೀರೆ. ಅಂಚಿನಿಂದ ನೀರು ಹನಿಹನಿಯಾಗಿ ಮಣ್ಣಿಗೆ ಬೀಳುತ್ತಿತ್ತು. ಅದರ ಮೇಲೆ, ಕೈಯೆತ್ತರದಲ್ಲಿ, ತಂತಿ.

ನಾನು ಒಳಗೆ ಬಂದು ಗೋಡೆಗೆ ಒರಗಿ ಕೂತೆ. ಆಡಿದ ಮಾತುಗಳನ್ನೆಲ್ಲ ಮೊದಲಿನಿಂದ ಜೋಡಿಸಿಕೊಂಡೆ. ಅತ್ತೆ ಎತ್ತಿದ್ದೇ ಆದರೆ ಎಲ್ಲಿಂದ ಕೇಳಿದರು? ದನಿ ತೆಳ್ಳಗಾದದ್ದು ಕೊನೆಯಲ್ಲಿ. ಹಾಗಾದರೆ ಜಾತಕದ ಸುಳ್ಳು ಕೇಳಿಲ್ಲ. ಆದರೆ ದನಿ ತೆಳ್ಳಗಾದದ್ದು ನನ್ನ ಗಮನಕ್ಕೆ ಬಂದದ್ದು ಮಾತ್ರ ಕೊನೆಯಲ್ಲಿರಬಹುದು. 'ಕೆಟ್ಟೋಳಲ್ಲ' ಕೇಳಿದರೋ, 'ಹೇಳದೂ ಇಲ್ಲೆ' ಮಾತ್ರ ಕೇಳಿದರೋ? ಅಥವಾ ಬರೀ ಸೆಖೆಗೆ ಮಿಂದರೋ? ಆ ವಾರ ಸೆಖೆಯೂ ಹಾಗೇ ಇತ್ತು. ಹುಲಿಕಲ್ ಘಾಟಿಯ ಕಡೆಯಿಂದ ಬರುವ ಗಾಳಿ ಕೂಡ ನಿಂತುಹೋಗಿತ್ತು. ಆದರೆ ಸೆಖೆಗೆ ಮೀಯುವವರು ಉಟ್ಟ ಸೀರೆಯನ್ನು ನೆನೆಸುತ್ತಾರೆಯೇ?

ಸಂಜೆ ಅತ್ತೆ ದೂರದಿಂದ ಬಾಳೆಲೆ ಇಟ್ಟು ಬಡಿಸಿದರು. "ತಂಬುಳಿ ಹಾಕ್ಲಾ?" ಅಂದರು. "ಹಾಕು," ಅಂದೆ. ಮುಖದಲ್ಲಿ ಏನೂ ಇರಲಿಲ್ಲ. ಎಂದಿನಂತೆ ಇತ್ತು ಎಂದರೂ ಸರಿ, ಎಂದಿನಂತೆ ಇಟ್ಟುಕೊಂಡಿದ್ದರು ಎಂದರೂ ಸರಿ.

ಗುರುವಾರ ಬೆಳ್ಳಪ್ಪ ಬಂದ. ತಂತಿ ಸ್ವಲ್ಪ ಜಗ್ಗಿತ್ತು, ಬಿಗಿದು ಕಟ್ಟಲು. ಗಾಡಿಮನೆಯ ಮಾಡಿನ ಮೇಲೆ ಅವನು ಕೂತಾಗ ಕಿಟಕಿಯಿಂದ ಕೇಳಿದೆ.

"ಬೆಳ್ಳಪ್ಪ, ಮಾತಾಡ್ತಾ ಇರುವಾಗ ದನಿ ಸಣ್ಣ ಆದ್ರೆ ಅದಕ್ಕೆ ಏನು ಕಾರಣ?"

"ಇನ್ನೊಂದು ಕಡೆ ಎತ್ತಿದ್ರೆ ಸಣ್ಣ ಆಗ್ತದೆ. ಇರೋ ದನಿ ಎರಡು ಪಾಲಾಗ್ಬೇಕಲ್ಲ."

"ಅದೊಂದೇ ಕಾರಣವಾ?"

ಅವನು ಯೋಚಿಸಿದ. "ಹಂಗೂ ಅಲ್ಲ. ಕಂಬದ ಹತ್ರ ಮರದ ಕೊಂಬೆ ತಾಗಿದ್ರೂ ಆಗ್ತದೆ. ಎಕ್ಸ್‌ಚೇಂಜಲ್ಲಿ ಬ್ಯಾಟ್ರಿ ಇಳಿದಿದ್ರೂ ಆಗ್ತದೆ. ಆ ಕಡೆಯವ್ರು ಬಾಯಿ ದೂರ ಇಟ್ಕಂಡ್ರೂ ಆಗ್ತದೆ." ತಂತಿಯ ಗಂಟು ಬಿಗಿಯುತ್ತ, "ಕೆಲವು ಸಲ ಯಾಕೆ ಆಗ್ತದೆ ಅಂತ ನಮಗೂ ಗೊತ್ತಾಗಲ್ಲ ಅಮ್ಮಾ," ಅಂದ.

ಒಂದು ಕಾರಣ ಕೇಳಿದವಳಿಗೆ ನಾಲ್ಕು ಸಿಕ್ಕಿದವು. ಅಷ್ಟರಲ್ಲಿ ಅತ್ತೆ ಅಂಗಳಕ್ಕೆ ಬಂದು ಮೇಲೆ ನೋಡಿದರು. "ಎಂತ ಕೇಳ್ತಾ ಇದ್ದು ನಿನ್ನ ಹತ್ರ?" ಎಂದು ಬೆಳ್ಳಪ್ಪನನ್ನು ಕೇಳಿದರು.

"ದನಿ ಸಣ್ಣ ಆಗ್ತದಂತೆ."

"ಹೌದಾ," ಅಂದರು ಅತ್ತೆ. "ನಂಗೆ ಸರಿ ಕೇಳ್ತದಪ್ಪ."

ಅವರು ತಮ್ಮ ಫೋನಿನ ವಿಷಯ ಹೇಳಿದರೋ, ನನ್ನ ಕರೆಯ ವಿಷಯ ಹೇಳಿದರೋ? ಅಡುಗೆಮನೆಯ ಕಡೆ ತಿರುಗಿದವರು ಹಾಗೇ ನಿಂತು, ನನ್ನ ಕಡೆ ನೋಡದೆ ಕೇಳಿದರು: "ಜಾತಕದ ಕಾಗದ ಎಲ್ಲಿದ್ದು, ನಿನ್ನ ಅಪ್ಪಯ್ಯಂದು?"

"ಟ್ರಂಕಿನಲ್ಲಿದ್ದು ಅತ್ತೆ."

"ಬೀಗ ಹಾಕಿದ್ಯ?"

"ಇಲ್ಲೆ."

"ಸರಿ," ಅಂದು ಒಳಗೆ ಹೋದರು.

ಆ ಇಡೀ ದಿನ ನಾನು ಗಾಡಿಮನೆಯ ಕಿಟಕಿಯಿಂದ ಮನೆಯನ್ನು ನೋಡುತ್ತಿದ್ದೆ. ನಡೆದು ಹೋದರೆ ನಲವತ್ತು ಹೆಜ್ಜೆ. ಅಷ್ಟು ಹತ್ತಿರದಲ್ಲಿ ನನ್ನ ಟ್ರಂಕು ಬೀಗವಿಲ್ಲದೆ ಬಿದ್ದಿತ್ತು, ನಾನು ಹೋಗುವಂತಿರಲಿಲ್ಲ. ಇವರು ಮಧ್ಯಾಹ್ನ ಬಾಗಿಲ ಹತ್ತಿರ ಬಂದಾಗ, ಒಳಗೆ ಹೋಗಿ ಪುಸ್ತಕದಲ್ಲಿರುವ ಕಾಗದ ತೆಗೆದಿಡಿ ಎಂದು ಹೇಳೋಣ ಅನ್ನಿಸಿತು. ಹೇಳಿದರೆ ಇವರೂ ಸುಳ್ಳಿಗೆ ಸೇರಿದ ಹಾಗೆ. ಹೇಳಲಿಲ್ಲ.

"ಫೋನು ಚೊಲೋ ಇದ್ದಾ?" ಎಂದು ಇವರು ಕೇಳಿದರು. ಅವರ ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಖುಷಿ.

"ಚೊಲೋ ಇದ್ದು," ಅಂದೆ.

ಶುಕ್ರವಾರ ಹತ್ತು ಗಂಟೆಗೆ ಅದು ಹೊಡೆಯಿತು. ಈ ಸಲ ಸಾಗರದಿಂದ ಎಂದು ನನಗೆ ಗೊತ್ತಿತ್ತು. ನಾನು ಎತ್ತಬಾರದಿತ್ತು. ಜಗಲಿಯ ಗಂಟೆ ನಿಂತಿತು. ನನ್ನದೂ ನಿಂತಿತು. ವರದಾಳ ಬದುಕು ಆ ತಂತಿಯಲ್ಲಿ ಹೋಗುತ್ತಿದೆ, ನಾನು ಗೂಡಿನ ಎದುರು ಕೈ ಕಟ್ಟಿ ನಿಂತಿದ್ದೇನೆ. ಹಿಂದಿನ ವರ್ಷ ಹೊಸ್ತಿಲಲ್ಲಿ ನಿಂತಿದ್ದಂತೆಯೇ. ಎರಡೂ ಕೈಯಿಂದ, ಮೊಟ್ಟೆ ಎತ್ತುವ ಹಾಗೆ, ರಿಸೀವರ್ ಎತ್ತಿದೆ.

"...ಜೋಯಿಸ ಒಬ್ಬನೇ ಇಪ್ಪದಾ?" ಸುಬ್ರಾಯ ಮಾವನ ದೊಡ್ಡ ದನಿ. "ಆನು ಇಲ್ಲಿ ಬೇರೆಯವರ ಹತ್ರ ತೋರಿಸ್ತೆ. ಜಾತಕ ಕಳಿಸು ಹೇಳು ಆ ಕೂಸಿನ ಅಪ್ಪಂಗೆ. ಇಲ್ಲದಿದ್ರೆ ಆನೇ ಸೋಮವಾರ ಹೋಗಿ ಕುಂತ್ಕತ್ತೆ."

"ಜಾತಕದ್ದು ಬಿಡು ಅಣ್ಣ," ಅಂದರು ಅತ್ತೆ. "ಜಾತಕ ಕೂಡಿದ್ದು. ಆನು ಕಾಗದ ನೋಡಿದ್ದಿ."

ಗೂಡಿನ ಅಂಚು ಹಿಡಿದುಕೊಂಡೆ.

"ಹಂಗಾರೆ ಮತ್ತೆಂತ?"

"ಕೂಸಿಗೆ ಮನಸ್ಸಿಲ್ಲೆ."

"ಕೂಸಿನ ಮನಸ್ಸು ಯಾರು ಕೇಳಿದ್ದ? ನಿನ್ನ ಕೇಳಿದ್ವಾ ಆಗ?"

"ಇಲ್ಲೆ," ಅಂದರು ಅತ್ತೆ. "ಅದಕ್ಕೇ ಹೇಳ್ತಾ ಇದ್ದಿ. ಹೇರಂಬ ಶಾಲೆಗೆ ಹೋಗಿ ಹೆಡ್‌ಮಾಸ್ಟರ ಹತ್ರ ಮಾತಾಡಿದ್ದ, ಕೂಸಿನ ಹತ್ರ ಮಾತಾಡಿದ್ನಿಲ್ಲೆ. ಈ ಸಂಬಂಧ ಇಲ್ಲೆ ಅಣ್ಣ. ನೀ ಸೋಮವಾರ ಹೋಗಡ. ಹೋದ್ರೆ ಆನೂ ಅಲ್ಲಿಗೆ ಬಂದು, ಇಲ್ಲೆ ಹೇಳಿಯೇ ಹೇಳ್ತೆ."

"ನೀ ಯಾವಾಗಿಂದ ಹಿಂಗೆ ಮಾತಾಡಲೆ ಕಲಿತೆ?"

"ಮೊನ್ನೆಯಿಂದ," ಅಂದರು ಅತ್ತೆ.

ಆ ಕಡೆ ರಿಸೀವರ್ ಬಿದ್ದ ಸದ್ದಾಯಿತು. ನಾನು ಇಡಬೇಕಿತ್ತು. ಇಟ್ಟರೆ ಅದರ ಸದ್ದು ಅತ್ತೆಗೆ ಕೇಳಿಸುತ್ತದೆ ಎಂದು ಹೆದರಿ ಹಿಡಿದೇ ನಿಂತೆ. ಅತ್ತೆಯೂ ಇಡಲಿಲ್ಲ. ಅವರ ಉಸಿರು ಕೇಳುತ್ತಿತ್ತು, ನನ್ನದೂ ಅವರಿಗೆ ಕೇಳುತ್ತಿತ್ತೇನೋ. ನಲವತ್ತು ಹೆಜ್ಜೆಯ ಎರಡು ತುದಿಯಲ್ಲಿ ಇಬ್ಬರೂ ಹಾಗೇ ನಿಂತಿದ್ದೆವು. ಎಕ್ಸ್‌ಚೇಂಜಿನ ದನಿ ನಡುವೆ ಬಂದು, "ಮಾತು ಮುಗೀತಾ?" ಎಂದು ಕೇಳಿತು.

"ಹಲೋ, ಮುಗೀತಾ?"

"ಮುಗೀತು," ಅಂದರು ಅತ್ತೆ. ಇಟ್ಟರು.

ಬುಧವಾರ ಅವರು ಮೊದಲಿನಿಂದಲೇ ಕೇಳಿದ್ದರು. ಶಾಲೆಯ ಸಂಗತಿ ವರದಾ ಶುರುವಿಗೇ ಹೇಳಿದ್ದು. ಹಾಗಾದರೆ ದನಿ ಕೊನೆಯಲ್ಲಿ ತೆಳ್ಳಗಾದದ್ದು ಏಕೆ? ಮೊದಲೇ ತೆಳ್ಳಗಿದ್ದದ್ದು ನನಗೆ ತಿಳಿಯದೇ ಹೋಯಿತೇ? ಸುಳ್ಳು ಗೊತ್ತಾದ ಮೇಲೆಯೂ ಕಾಗದ ಎಲ್ಲಿದೆ ಎಂದು ನನ್ನನ್ನೇ ಯಾಕೆ ಕೇಳಿದರು? ನಾನು ನಿಜ ಹೇಳಲಿ ಎಂದೇ? ಟ್ರಂಕು ತೆರೆಯಲು ನನ್ನ ಒಪ್ಪಿಗೆ ಬೇಕೆಂದೇ? 'ಹೇಳದೂ ಇಲ್ಲೆ' ಎಂದ ಸೊಸೆಯ ಮೇಲಿನ ಸಿಟ್ಟಿಗೆ ಹೇಳಿದರೋ, ವರದಾಳ ಮೇಲಿನ ಕರುಣೆಗೆ ಹೇಳಿದರೋ? ಒಂದೊಂದನ್ನೂ ಎತ್ತಿ ನೋಡುತ್ತ ಕೂತಿರುವಾಗ ಬಾವಿಯ ರಾಟೆ ಕಿರುಗುಟ್ಟಿತು. ಕೊಡ ಬಹಳ ಹೊತ್ತು ಇಳಿಯಿತು, ಬಹಳ ಹೊತ್ತು ಏರಿತು. ಬಚ್ಚಲಿನಲ್ಲಿ ನೀರು ಹೊಯ್ದ ಸದ್ದು.

ಸ್ವಲ್ಪ ಹೊತ್ತಿಗೆ ಅತ್ತೆ ಬೇರೆ ಸೀರೆ ಉಟ್ಟು, ಹಿಂಡಿದ ಸೀರೆ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದರು. ಹಗ್ಗದ ಮೇಲೆ ಕೊಡವಿ ಹರಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಸೀರೆಯ ಸುಕ್ಕನ್ನು ಬಿಡಿಸುತ್ತಲೇ ಇದ್ದರು. ಒಂದು ಸುಕ್ಕಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

"ಎಂಥ ಸೆಖೆ," ಅಂದರು ಸೀರೆಗೆ. "ಎರಡೆರಡು ಸಲ ಮೀಯಕಾಗ್ತು."

ನಾನು ಏನು ಹೇಳಬೇಕೆಂದು ಬಹಳ ಯೋಚಿಸಿದೆ. ತಪ್ಪಾಯಿತು ಎಂದರೆ, ಮೂರು ದಿನದಲ್ಲಿ ಎರಡು ಸಲ ಕೈ ಹಿಡಿದದ್ದನ್ನು ಬಾಯಿ ಬಿಟ್ಟು ಹೇಳಿದ ಹಾಗಾಗುತ್ತದೆ. ಉಪಕಾರವಾಯಿತು ಎಂದರೂ ಅಷ್ಟೇ.

"ನಾಳೆ ಆನು ಒಳಗೆ ಬತ್ತೆ ಅತ್ತೆ," ಅಂದೆ. "ನೀರು ಆನೇ ಸೇದಿ ಕೊಡ್ತೆ."

"ಸೇದು," ಅಂದರು ಅತ್ತೆ. ಹೋಗುವ ಮೊದಲು ಕತ್ತೆತ್ತಿ, ಜಗಲಿಯಿಂದ ಗಾಡಿಮನೆಯವರೆಗೆ ಆ ಪ್ಲಾಸ್ಟಿಕ್ ತಂತಿಯನ್ನು ಒಮ್ಮೆ ನೋಡಿದರು.